ಹಿತ್ತಲದ್ದೇ ಆಗಬೇಕಿದ್ದ ಹೀರೆಕಾಯಿ

ಹೋದ ವರ್ಷ ಮೃಗಶಿರ ಮಳೆ ಹುಟ್ಟಿದ ಎರಡನೇ ದಿನ, ಸಾಗರದ ಇಕ್ಕೇರಿ ರಸ್ತೆಯ ಒಂದು ಹಿತ್ತಲಲ್ಲಿ ಮೂರು ಹೀರೆ ಬೀಜ ಊರಲಾಯಿತು. ಮೂರೂ ಹುಟ್ಟಿದವು. ಒಂದನ್ನು ಬಸವನಹುಳು ತಿಂದಿತು, ಎರಡು ಚಪ್ಪರ ಏರಿದವು. ಉತ್ತರೆ ಮಳೆಯ ಕೊನೆಯ ವಾರದವರೆಗೆ, ಅಂದರೆ ಮೂರೂವರೆ ತಿಂಗಳು, ಆ ಬಳ್ಳಿಗಳಲ್ಲಿ ಒಂದು ಕಾಯಿಯೂ ನಿಲ್ಲಲಿಲ್ಲ.

ಬೀಜ ಊರಿದವರು ಗಿರಿಜಮ್ಮ. ಆ ಮನೆಯ ಒಡತಿ, ಅರವತ್ತು ದಾಟಿದವರು. ನಾನು ಅವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆ. ಒಂದು ದಿನಪತ್ರಿಕೆಯ ಸಾಗರ ಕಚೇರಿಯಲ್ಲಿ ಕೆಲಸ. ನನ್ನ ಒಲೆಯ ಎದುರಿನ ಕಿಟಕಿ ತೆರೆದರೆ ಕಾಣುವುದು ಆ ಚಪ್ಪರವೇ. ಮಳೆ ಎಷ್ಟು ಬಂತು, ಯಾವ ಗಿಡಕ್ಕೆ ಏನಾಯಿತು ಎಂದು ದಿನಕ್ಕೆರಡು ಸಾಲು ಬರೆದಿಡುವ ರೂಢಿ ನನಗಿದೆ. ಆ ನೋಟ್‌ಪುಸ್ತಕವನ್ನು ಈಗ ಹುಡುಕಿ ತೆಗೆಯಲು ಕಾರಣ ಒಂದು ವಾಸನೆ. ನಾನೀಗ ತೀರ್ಥಹಳ್ಳಿಯಲ್ಲಿದ್ದೇನೆ. ಮೊನ್ನೆ ಸಂಜೆ ತುಂಗಾ ಸೇತುವೆ ಕಡೆಯಿಂದ ನಡೆದು ಬರುವಾಗ ಯಾರದೋ ಬೇಲಿಯಿಂದ ಹೀರೆ ಹೂವಿನ ವಾಸನೆ ಬಂತು. ಹಗಲಲ್ಲಿ ಆ ಬಳ್ಳಿಯ ಹತ್ತಿರ ನಿಂತರೆ ಬರುವುದು ಹಸಿ ಎಲೆಯ ವಾಸನೆ ಅಷ್ಟೇ. ಹೂವಿನದು ಸಂಜೆಗೆ ಮಾತ್ರ. ಇದು ನನಗೆ ಗೊತ್ತಾದದ್ದೇ ಆ ವರ್ಷ.

ಹಿತ್ತಲಲ್ಲಿ ಹೀರೆ ಒಂದೇ ಇರಲಿಲ್ಲ. ಬಸಳೆ, ಹರಿವೆ, ಕೆಸು, ಬೆಂಡೆ, ಮುಳ್ಳುಸೌತೆ ಎಲ್ಲವೂ ಇದ್ದವು, ಎಲ್ಲವೂ ಚೆನ್ನಾಗಿಯೇ ಬಂದಿದ್ದವು. ಬೆಂಡೆ ಬಲಿತು ಹೋಗುವಷ್ಟು ಬಿಟ್ಟಿತ್ತು. ಹೀರೆ ಒಂದು ಕೈಕೊಟ್ಟರೆ ಸಾಮಾನ್ಯವಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗಿರಿಜಮ್ಮನಿಗೆ ಮಾತ್ರ ಬೇರೆಲ್ಲಕ್ಕಿಂತ ಹೀರೆಯೇ ಮುಖ್ಯವಾಗಿತ್ತು. ಕಾರಣ ಭೂಮಿ ಹುಣ್ಣಿಮೆ.

ಗಿರಿಜಮ್ಮ ಮತ್ತು ಅವರ ಗಂಡ ನಾಗಪ್ಪನವರದು ದೀವರ ಸಮುದಾಯದ ಮನೆ. ಅವರ ಹಿರಿಯರು ಗೇಣಿ ಮಾಡುತ್ತಿದ್ದ ಗದ್ದೆ ಈಗ ಅವರ ಹೆಸರಿಗೇ ಇದೆ, ಇಕ್ಕೇರಿ ದಾರಿಯಲ್ಲಿ ಸ್ವಲ್ಪ ಮುಂದೆ. ಭತ್ತದ ತೆನೆ ಇನ್ನೂ ಒಡಲಲ್ಲಿದ್ದು ಹೊಡೆ ತುಂಬುವ ಹೊತ್ತಿಗೆ ಬರುವ ಆ ಹುಣ್ಣಿಮೆಯಲ್ಲಿ ಭೂಮಿಯನ್ನು ಬಸುರಿ ಎಂದು ಕಾಣುತ್ತಾರೆ. ಬಸುರಿಯ ಬಯಕೆಯೂಟವೇ ಅಂದಿನ ಎಡೆ. ಬೆಳಕು ಹರಿಯುವಾಗ ಮನೆಯ ಯಜಮಾನ ಗದ್ದೆಗೆ ಹೋಗಿ, ಬುಟ್ಟಿಯಲ್ಲಿರುವುದನ್ನು ಬೀರುತ್ತ, ಒಂದೊಂದರ ಹೆಸರು ಹಿಡಿದು ಕೂಗಿ ತಾಯಿಯನ್ನು ಉಣ್ಣಲು ಕರೆಯಬೇಕು. ಗುಡ್ಡದ ಸೊಪ್ಪು, ಅಂಬಲಿ, ಹರಿವೆ ಎಂದು ಸಾಗುವ ಆ ಕೂಗಿನಲ್ಲಿ ದಾರೆಹೀರೆಯ ಹೆಸರೂ ಬರುತ್ತದೆ. ಹೀರೆಕಾಯಿಗೆ ಉದ್ದಕ್ಕೂ ಏಣು ಇರುವುದರಿಂದ ದಾರೆಹೀರೆ. ಬರೀ ದಾರೆಹೀರೆ ಅಲ್ಲ, ಹಿತ್ತಲ ದಾರೆಹೀರೆ.

"ಸಂತೇಲಿ ಎರಡು ಕಾಯಿ ತಂದ್ರಾಯ್ತಲ್ಲ" ಎಂದು ನಾನೊಮ್ಮೆ ಹೇಳಿದ್ದೆ. ಗಿರಿಜಮ್ಮ ಹರಿವೆ ಸೊಪ್ಪು ಸೋಸುತ್ತಿದ್ದವರು ತಲೆಯೆತ್ತಿ ನೋಡಿದರು.

"ಕೂಗೋದ್ರಲ್ಲಿ ಎಂತ ಇದೆ? ಹಿತ್ಲಿಂದು ಅಂತ ಇದೆ. ಸಂತೇದು ಅಂತ ಇದ್ಯಾ?"

"ಇಲ್ಲ."

"ಮತ್ತೆ? ಬಸುರಿ ಹೆಂಗ್ಸಿಗೆ ಬಡಿಸ್ವಾಗ ಸುಳ್ಳು ಹೇಳ್ತಾರಾ? ನಾನು ಈ ಮನೆಗೆ ಬಂದಾಗಿಂದ ಒಂದು ವರ್ಷಾನೂ ಹಿತ್ಲ ಹೀರೆ ತಪ್ಸಿಲ್ಲ. ನಮ್ಮತ್ತೆನೂ ತಪ್ಸಿಲ್ಲ. ನಿಮ್ ಪೇಪರ್ನಲ್ಲಿ ಹಾಕ್ತೀರಾ, ಇಲ್ಲದ್ದನ್ನ ಇದೆ ಅಂತ?"

ನಾನೂ ಒಂದು ಹಿಡಿ ಸೊಪ್ಪು ಎಳೆದುಕೊಂಡು ಸೋಸಲು ಕುಳಿತೆ.

ಆಶ್ಲೇಷಾ ಮಳೆಯಲ್ಲಿ ಮೊದಲ ಹೂ ಬಿಟ್ಟಿತು. ಹೀರೆಯಲ್ಲಿ ಹೂ ಎರಡು ಬಗೆ. ಒಂದರ ಹಿಂದೆ ಬೆರಳು ತುದಿಯಷ್ಟು ಎಳೆ ಮಿಡಿ ಇರುತ್ತದೆ. ಇನ್ನೊಂದು ಬರೀ ತೊಟ್ಟಿನ ಮೇಲೆ ನಿಂತಿರುತ್ತದೆ, ಗೊಂಚಲು ಗೊಂಚಲಾಗಿ. ಆ ಮನೆಯಲ್ಲಿ ಎರಡನೆಯದಕ್ಕೆ ಹುಸಿಹೂ ಎನ್ನುತ್ತಿದ್ದರು. ನಮ್ಮ ಚಪ್ಪರದಲ್ಲಿ ಎರಡೂ ಬಗೆ ಬೇಕಾದಷ್ಟಿದ್ದವು. ಮಿಡಿ ಕಾಣಿಸುತ್ತಿತ್ತು, ಮೂರನೇ ದಿನ ಹಳದಿಯಾಗುತ್ತಿತ್ತು, ಐದನೇ ದಿನ ಉದುರುತ್ತಿತ್ತು.

ನಾಗಪ್ಪನವರ ಮೊದಲ ಅಭಿಪ್ರಾಯ ಬಳ್ಳಿ ಸೊಕ್ಕಿದೆ ಎಂಬುದು. ಗೊಬ್ಬರ ಹೆಚ್ಚಾದರೆ ಬಳ್ಳಿ ಎಲೆಯಲ್ಲೇ ಮೆರೆಯುತ್ತದೆ, ಕಾಯಿಗೆ ಮನಸ್ಸು ಕೊಡುವುದಿಲ್ಲ. ಗೊಬ್ಬರ ನಿಲ್ಲಿಸಿದರು, ಕುಡಿ ಚಿವುಟಿದರು. ಪ್ರಯೋಜನವಾಗಲಿಲ್ಲ. ಮಘೆ ಮಳೆಯಲ್ಲಿ ಸುಣ್ಣದ ಬೊಟ್ಟಿಟ್ಟ ಮಡಕೆಯೊಂದು ದೃಷ್ಟಿಗೆಂದು ಚಪ್ಪರದ ಮೂಲೆಯಲ್ಲಿ ಕವುಚಿ ಕುಳಿತಿತು. ಅದರಿಂದಲೂ ಆಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ನಾಗಪ್ಪನವರು ಕತ್ತಿ ಹಿಡಿದು ಬಂದರು. ಫಲ ಬಿಡದ ಮಾವು, ಹಲಸಿಗೆ ಕತ್ತಿ ತೋರಿಸಿ ಹೆದರಿಸುವುದು ಹಳೆಯ ಪದ್ಧತಿ. ಒಬ್ಬರು ಹೆದರಿಸಬೇಕು, ಇನ್ನೊಬ್ಬರು ಗಿಡದ ಪರವಾಗಿ ಮಾತು ಕೊಡಬೇಕು.

"ಈ ವರ್ಷ ಕಾಯಿ ಬಿಡ್ತೀಯೋ, ಬುಡಕ್ಕೆ ಕಡೀಲೋ?"

"ಕಡೀಬೇಡಿ, ಬಿಡ್ತೀನಿ" ಎಂದರು ಗಿರಿಜಮ್ಮ, ಬಳ್ಳಿಯ ಮರೆಯಿಂದ.

"ಯಾವಾಗ?"

"ಬರೋ ವಾರ."

"ಹೋದ್ವಾರನೂ ಇದ್ನೇ ಹೇಳಿದ್ದೆ."

"ಹೋದ್ವಾರ ನೀವು ಕೇಳೇ ಇಲ್ಲ" ಎಂದು ಗಿರಿಜಮ್ಮ ಈಚೆ ಬಂದರು. "ಬಳ್ಳಿಗೇ ಗೊತ್ತಿಲ್ದಿದ್ದು ನಾನೆಂತ ಹೇಳ್ಲಿ ಮಾರಾಯ್ರೆ? ಕತ್ತಿ ಒಳಗಿಡಿ, ತೆಂಗಿನಕಾಯಿ ಕೆತ್ತೋದಿದೆ."

ಆಮೇಲೆ ನನ್ನ ಸರದಿ ಬಂತು. ಉದುರಿದ ಮಿಡಿಯೊಂದನ್ನು ಕೈಯಲ್ಲಿ ಹಿಡಿದು, ಇದು ಹಣ್ಣುನೊಣದ ಕೆಲಸ ಎಂದು ನಾನು ತೀರ್ಪು ಕೊಟ್ಟೆ. ಬೆಲ್ಲ, ಕೊಳೆತ ಬಾಳೆಹಣ್ಣು ಹಾಕಿ ಬಾಟಲಿಯ ಬಲೆ ಕಟ್ಟಿದೆ. ಬಾಟಲಿಗೆ ನೊಣ ಬಿದ್ದವು, ಮಿಡಿ ಉದುರುವುದು ನಿಲ್ಲಲಿಲ್ಲ. ಹತ್ತು ದಿನ ಕಳೆದ ಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಉದುರಿದ ಆರು ಮಿಡಿ ಆರಿಸಿ ಬ್ಲೇಡಿನಿಂದ ಸೀಳಿ ನೋಡಿದೆ. ಯಾವುದರಲ್ಲೂ ಹುಳು ಇರಲಿಲ್ಲ, ಕುಟುಕಿದ ಗುರುತೂ ಇರಲಿಲ್ಲ. ಸುದ್ದಿ ಮೊದಲು ಕೊಟ್ಟು ಆಮೇಲೆ ಪರಿಶೀಲಿಸಿದರೆ ಏನಾಗುತ್ತದೋ ಅದೇ ಆಗಿತ್ತು. ಅಂದಿನ ಪುಟದಲ್ಲಿ "ನೊಣ ಅಲ್ಲ. ನನ್ನ ತಪ್ಪು" ಎಂದು ಬರೆದಿದ್ದೇನೆ.

ಅದೇ ವಾರ ಹೊಸನಗರದಿಂದ ಸುಶೀಲಮ್ಮನ ಫೋನ್ ಬಂತು. ಅವರು ನಾಗಪ್ಪನವರ ತಂಗಿ. ಜೋರು ದನಿಯವರು. ಹಿತ್ತಲಲ್ಲಿದ್ದ ನನಗೂ ಮಾತು ಕೇಳುತ್ತಿತ್ತು.

"ಅತ್ತಿಗೆ, ಅದೆಂತ ಬಳ್ಳಿ ಬೆಳ್ಸಿದೀರೋ, ಚಪ್ಪರಕ್ಕೆ ಹೊದಿಕೆ ಬೆಳ್ಸಿದೀರೋ? ನಮ್ಮಲ್ಲಿ ಕೊಯ್ದು ಕೊಯ್ದು ಸಾಕಾಯ್ತು. ಹುಣ್ಣಿಮೆಗೆ ಬರ್ವಾಗ ಒಂದ್ ಚೀಲ ತರ್ಲಾ?"

"ಪಲ್ಯಕ್ಕೆ ತಾ. ಎಡೆಗೆ ಬೇಡ."

"ಎಡೆಗೆ ಎಂತ ಇಡ್ತೀರಿ ಹಂಗಾರೆ? ಎಲೆನಾ?"

ಗಿರಿಜಮ್ಮ ಫೋನ್ ಇಟ್ಟು ಬಂದು ಬಳ್ಳಿಯ ಕೆಳಗೆ ಉದುರಿದ್ದ ಮಿಡಿಗಳನ್ನು ಆರಿಸಿದರು. ಅವರು ನಾದಿನಿಗೆ ಎದುರು ಮಾತು ಕೊಡದೇ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹುಣ್ಣಿಮೆಗೆ ಉಳಿದದ್ದು ಮೂರು ವಾರಕ್ಕೂ ಕಡಿಮೆ.

ವರದಿ ಮಾಡುವಾಗ ಸುಳಿವು ಸಿಗದಿದ್ದರೆ ಕೇಳುವ ಪ್ರಶ್ನೆ ಒಂದಿದೆ: ಹಿಂದಿನ ಸಲಕ್ಕೂ ಈ ಸಲಕ್ಕೂ ಬದಲಾದದ್ದು ಏನು? ಅದನ್ನೇ ಕೇಳಿದೆ. ಬೀಜ ಅದೇ, ಹಿಂದಿನ ವರ್ಷದ ಕಾಯಿಯದು, ಒಲೆಯ ಮೇಲೆ ಹೊಗೆಗೆ ಒಣಗಿದ್ದು. ಮಣ್ಣು ಅದೇ, ಚಪ್ಪರ ಅದೇ, ಮಳೆಯೂ ಹೆಚ್ಚುಕಡಿಮೆ ಅಷ್ಟೇ. "ಬದಲಾಗಿದ್ದು ಅಂದ್ರೆ ಪಕ್ಕದ ಸೈಟು ಒಂದು" ಎಂದರು ನಾಗಪ್ಪ. ಬೇಸಿಗೆಯಲ್ಲಿ ಅಲ್ಲಿ ಮನೆಗೆ ಪಾಯ ತೆಗೆದಿದ್ದರು. ಬೇಲಿ ಕಿತ್ತಿದ್ದರು. ಬೇಲಿಯ ಮೇಲೆ ಪಕ್ಕದವರು ಪ್ರತಿ ವರ್ಷ ಹಬ್ಬಿಸುತ್ತಿದ್ದ ಹೀರೆ ಬಳ್ಳಿ ಈ ವರ್ಷ ಇರಲಿಲ್ಲ. ಇದನ್ನೂ ಬರೆದುಕೊಂಡೆ. ಅದಕ್ಕೂ ನಮ್ಮ ಚಪ್ಪರಕ್ಕೂ ಏನು ಸಂಬಂಧ ಎಂಬುದು ಆಗ ಹೊಳೆಯಲಿಲ್ಲ.

ಇನ್ನೊಂದು ಕೊರತೆಯೂ ನನ್ನಲ್ಲಿತ್ತು. ಹೀರೆ ಹೂ ಅರಳುವುದನ್ನು ನಾನು ನೋಡಿಯೇ ಇರಲಿಲ್ಲ. ಬೆಳಿಗ್ಗೆ ಕಿಟಕಿ ತೆರೆದಾಗ ಹೂ ಬಾಡಿರುತ್ತಿದ್ದವು. ಮಧ್ಯಾಹ್ನ ಮೂರಕ್ಕೆ ನಾನು ಕಚೇರಿಗೆ ಹೊರಡುವಾಗ ಬರೀ ಮೊಗ್ಗು. ನಡುವಿನ ಹೊತ್ತಿನಲ್ಲಿ ಏನಾಗುತ್ತದೆ ಎಂಬುದಕ್ಕೆ ನನ್ನ ಬಳಿ ಒಂದು ಸಾಲೂ ಇರಲಿಲ್ಲ. ಮಂಗಳವಾರ ನನಗೆ ರಜೆ. ಉತ್ತರೆ ಮಳೆಯ ಕೊನೆಯ ಮಂಗಳವಾರ, ಹುಣ್ಣಿಮೆಗೆ ಹದಿನೆಂಟು ದಿನ ಇರುವಾಗ, ನಾಲ್ಕು ಗಂಟೆಗೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪುಸ್ತಕ ಹಿಡಿದು ಕುಳಿತೆ. ಮಳೆ ಬಿಟ್ಟಿತ್ತು. ಐದು ಗಂಟೆಯ ನಂತರ ಮೊಗ್ಗುಗಳು ಸಡಿಲಾದವು. ಐದೂವರೆಗೆ ಒಂದೊಂದಾಗಿ ಬಿರಿದವು. ಚಪ್ಪರದ ತುಂಬ ಹಳದಿ, ಅದರ ಜೊತೆಗೇ ಆ ವಾಸನೆ.

ಐದೂ ಮುಕ್ಕಾಲಿಗೆ ಗಿರಿಜಮ್ಮ ಬಂದರು. ಮುಖ ತೊಳೆದು ಕುಂಕುಮ ಇಟ್ಟುಕೊಂಡಿದ್ದರು. ಕೈಯಲ್ಲಿ ಹಿತ್ತಾಳೆ ತಟ್ಟೆ. ಮುಸ್ಸಂಜೆ ದೀಪಕ್ಕೆ, ಹೊಸ್ತಿಲಿಗೆ ಹೂ ಬೇಕು. ಮಿಡಿಯಿರುವ ಹೂವಿಗೆ ಬೆರಳೂ ತಾಗದ ಹಾಗೆ, ಎಲೆ ಸರಿಸಿ ಸರಿಸಿ, ಹುಸಿಹೂಗಳನ್ನು ಮಾತ್ರ ಕೊಯ್ದರು. ಒಂದನ್ನೂ ಬಿಡಲಿಲ್ಲ. ಇಪ್ಪತ್ತು ವರ್ಷದಿಂದ ಮಳೆಗಾಲದ ದೀಪಕ್ಕೆ ಅವೇ ಹೂ ಎಂದು ಆಮೇಲೆ ತಿಳಿಯಿತು. ಹೇಗೂ ಕಾಯಿ ಕಟ್ಟದ ಹೂ, ಉದುರಿ ಹೋಗುವ ಬದಲು ದೇವರಿಗಾದರೂ ಆಗಲಿ ಎಂಬ ಲೆಕ್ಕ.

ನಾನು ಎಣಿಸಿ ಬರೆದುಕೊಂಡೆ. ಅವರೇ ಕೇಳಿದರು.

"ಎಂತ ಪೇಪರ್ನೋರೆ, ಅಷ್ಟೊತ್ತಿಂದ ಬರೀತಿದೀರಿ? ಓದಿ ನೋಡಣ."

ಬರೆದದ್ದನ್ನು ಬರೆದ ಹಾಗೇ ಓದಿದೆ. "ಐದೂವರೆ: ಹೂ ಅರಳಿದವು. ಹುಸಿಹೂ ಹನ್ನೊಂದು, ಮಿಡಿಹೂ ನಾಲ್ಕು. ಐದೂ ಮುಕ್ಕಾಲು: ಗಿರಿಜಮ್ಮ ಹನ್ನೊಂದು ಹುಸಿಹೂ ಕೊಯ್ದರು. ಉಳಿದದ್ದು ಮಿಡಿಹೂ ನಾಲ್ಕು."

"ಹೌದು. ಕಾಯಿ ಆಗೋ ಹೂ ನಾನು ಮುಟ್ಟಿಲ್ಲ. ಒಂದೂ ಮುಟ್ಟಿಲ್ಲ."

"ಮುಟ್ಟಿಲ್ಲ ಅಮ್ಮ. ಆದ್ರೆ ಅದಕ್ಕೆ ಬೇಕಾಗಿದ್ದು ನಿಮ್ಮ ತಟ್ಟೇಲಿದೆ."

ಅವರು ತಟ್ಟೆ ನೋಡಿದರು. ಹುಸಿಹೂವಿನ ನಡುವಿನ ಹಳದಿ ಪುಡಿ ಅವರ ಬೆರಳ ತುದಿಗೂ ಅಂಟಿತ್ತು.

"ಗಂಡು ಹೂವಾ ಇದು?"

"ಗಂಡು ಹೂವು."

"ಹೋದ್ವರ್ಷ ಹ್ಯಾಂಗ್ ಕಾಯಾಯ್ತು ಹಂಗಾರೆ? ಆಗ್ಲೂ ಕೊಯ್ತಿದ್ನಲ್ಲ" ಎಂದವರು ಅಲ್ಲೇ ತಡೆದು ಪಕ್ಕದ ಪಾಯದ ಕಡೆ ತಿರುಗಿದರು. ನಾನು ಹೇಳಬೇಕಾಗಲಿಲ್ಲ. ಅಷ್ಟು ವರ್ಷ ನಮ್ಮ ಚಪ್ಪರದ ಮಿಡಿಗಳಿಗೆ ಪುಡಿ ಬರುತ್ತಿದ್ದದ್ದು ಪಕ್ಕದ ಬೇಲಿಯಿಂದ. ದುಂಬಿ, ಪತಂಗಗಳು ಹೊತ್ತು ತರುತ್ತಿದ್ದವು. ಬೇಲಿ ಹೋಯಿತು, ಪುಡಿಯೂ ಹೋಯಿತು.

"ನಾನೇ" ಎಂದರು ಗಿರಿಜಮ್ಮ. ಆಮೇಲೆ ತಟ್ಟೆಯನ್ನು ಕಲ್ಲಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಈಗ ಎಂತ ಮಾಡ್ಬೇಕು, ಹೇಳಿ" ಎಂದರು.

ಹೂವಿನ ಎಸಳು ಬಿಡಿಸಿ, ನಡುವಿನ ಪುಡಿಯ ಭಾಗವನ್ನು ಮಿಡಿಹೂವಿನ ನಡುವಿಗೆ ಮೆಲ್ಲಗೆ ಒರೆಸಬೇಕು. ನಾನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಮಾಡಿದವನಲ್ಲ. ಒಂದು ಮಾಡಿ ತೋರಿಸುವಷ್ಟರಲ್ಲಿ ಹೂ ಕೈಜಾರಿ ಕೆಳಗೆ ಬಿತ್ತು. ಗಿರಿಜಮ್ಮ ಅದನ್ನು ಎತ್ತಿಕೊಂಡು, ಮಗುವಿನ ಹಣೆಗೆ ಬೊಟ್ಟಿಡುವ ಹಾಗೆ, ನಾಲ್ಕೂ ಹೂವಿಗೆ ಮುಟ್ಟಿಸಿದರು. ಆಕಾಶ ನೋಡಿದರು. ಮೋಡ ಕಟ್ಟುತ್ತಿತ್ತು. ಪುಡಿ ತೊಳೆದು ಹೋಗುತ್ತದೆ ಎಂದು ಕೆಸುವಿನ ಎಲೆ ಕಿತ್ತು ತಂದು ಒಂದೊಂದು ಹೂವಿನ ಮೇಲೂ ಕೊಡೆಯ ಹಾಗೆ ಬಾಳೆನಾರಿನಲ್ಲಿ ಕಟ್ಟಿದರು. ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲ. ಈ ಉಪಾಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಂದು ದೀಪಕ್ಕೆ ತುಳಸಿ ಇಟ್ಟರು.

ಅದಾದ ಮೇಲೆ ಅವರು ಮಾಡಿದ ಮೊದಲ ಕೆಲಸ ಹೊಸನಗರಕ್ಕೆ ಫೋನ್ ಮಾಡಿದ್ದು.

"ಸುಶೀಲಾ, ಕಾಯಿ ಯಾಕೆ ನಿಲ್ತಿರ್ಲಿಲ್ಲ ಗೊತ್ತಾಯ್ತು. ನಾನೇ ಗಂಡು ಹೂ ಕೊಯ್ದು ದೀಪಕ್ಕೆ ಹಾಕ್ತಿದ್ದೆ. ನೀನೂ ಕೊಯ್ತಿದ್ರೆ ನಾಕು ಬಿಟ್ಟು ಕೊಯ್ಯಿ."

ನನ್ನ ವೃತ್ತಿಯಲ್ಲಿ ತಪ್ಪು ಮಾಡಿದವರನ್ನು ಬೇಕಾದಷ್ಟು ಕಂಡಿದ್ದೇನೆ, ನನ್ನನ್ನೂ ಸೇರಿಸಿ. ತಿದ್ದುಪಡಿಯನ್ನು ಅಷ್ಟು ಬೇಗ, ಅಷ್ಟು ನೇರವಾಗಿ, ತನ್ನನ್ನು ಗೇಲಿ ಮಾಡಿದವರಿಗೇ ಮೊದಲು ಹೇಳಿದವರನ್ನು ಹೆಚ್ಚು ಕಂಡಿಲ್ಲ.

ನಾಲ್ಕರಲ್ಲಿ ಎರಡು ಹಳದಿಯಾಗಿ ಉದುರಿದವು. ಎರಡು ಹಸಿರಾಗೇ ಉಳಿದು ದಪ್ಪವಾದವು. ಐದನೇ ದಿನ ಬೆಳಿಗ್ಗೆ ನಾಗಪ್ಪನವರು ನನ್ನ ಬಾಗಿಲು ಬಡಿದು ಕರೆದುಕೊಂಡು ಹೋಗಿ ತೋರಿಸಿದರು. ಬೆರಳುದ್ದ ಇತ್ತು, ಏಣುಗಳು ಆಗಲೇ ಎದ್ದಿದ್ದವು. "ಕತ್ತಿ ತೋರ್ಸಿದ್ದು ಈಗ ನಾಟ್ತು ನೋಡಿ" ಎಂದರು. ಒಳಗಿನಿಂದ ಗಿರಿಜಮ್ಮನ ನಗು ಕೇಳಿತು.

ಎಂಟನೇ ದಿನ ಎರಡರಲ್ಲಿ ಒಂದು ಕಾಯಿ ಸೊಟ್ಟಗಾಗಿ ಅಂಟು ಸೋರತೊಡಗಿತು. ಸೀಳಿದೆವು. ಒಳಗೆ ಬಿಳಿ ಹುಳು.

"ಈಗ ಬಂತು ನಿಮ್ ನೊಣ" ಎಂದರು ನಾಗಪ್ಪ.

ಉಳಿದ ಕಾಯಿಗೆ ನಾನು ಹಳೆಯ ಪತ್ರಿಕೆಯ ಚೀಲ ಮಾಡಿ ತೊಡಿಸಿದೆ. ಮಳೆಗೆ ಕಾಗದ ನೆನೆದಾಗಲೆಲ್ಲ ಬದಲಿಸಬೇಕು. ಗಿರಿಜಮ್ಮ ದಿನಾ ಬೆಳಿಗ್ಗೆ ಹೊಸ ಹಾಳೆ ಕೇಳಿ ಪಡೆಯುತ್ತಿದ್ದರು. "ಅಂತೂ ನಿಮ್ ಪೇಪರ್ ಒಂದು ಕೆಲ್ಸಕ್ಕೆ ಬಂತು" ಎಂಬ ಮಾತನ್ನು ನಾನು ಆ ವಾರ ಮೂರು ಸಲ ಕೇಳಿದೆ. ಸಂಜೆ ನಾನು ಕಚೇರಿಯಲ್ಲಿರುತ್ತಿದ್ದೆ. ಐದೂವರೆಗೆ ಗಿರಿಜಮ್ಮ ಸ್ಟೂಲ್ ಹತ್ತುತ್ತಿದ್ದರು, ನಾಗಪ್ಪನವರು ಸ್ಟೂಲ್ ಹಿಡಿಯುತ್ತಿದ್ದರು. ದಿನಕ್ಕೆ ಮೂರು ನಾಲ್ಕು ಹೂ. ಹಸ್ತ ಮಳೆ ಜೋರಾಗಿದ್ದ ಎರಡು ಸಂಜೆ ಕೊಡೆ ಹಿಡಿದು ಮಾಡಿದರಂತೆ.

ಇನ್ನೊಂದು ಅನುಮಾನ ಉಳಿದಿತ್ತು. ಹೀರೆಯಲ್ಲಿ ಎಲ್ಲೋ ಒಂದು ಬಳ್ಳಿ ಕಹಿ ಬರುವುದುಂಟು. ಬಳ್ಳಿ ಕಹಿಯಾದರೆ ಅದರ ಕಾಯಿಗಳೆಲ್ಲ ಕಹಿ. ಎಡೆಗೆ ಇಡುವ ಕಾಯಿಯನ್ನು ಮೊದಲೇ ನಾಲಿಗೆಗೆ ಇಟ್ಟುಕೊಂಡರೆ ಎಂಜಲು. ಆ ವರ್ಷ ಆ ಬಳ್ಳಿಯ ಒಂದು ಚೂರನ್ನೂ ಯಾರೂ ತಿಂದಿರಲಿಲ್ಲ. ಆದ್ದರಿಂದ ಹನ್ನೆರಡನೇ ದಿನ, ಚೀಲದೊಳಗಿದ್ದ ಆ ಮೊದಲ ಒಳ್ಳೆಯ ಕಾಯಿಯನ್ನೇ ಪರೀಕ್ಷೆಗೆಂದು ಕೊಯ್ದರು. ಹೊಸ ಕಾಯಿಗಳು ಬರುತ್ತಿದ್ದದ್ದೆಲ್ಲ ಅದೇ ಬಳ್ಳಿಯಲ್ಲಿ. ಇನ್ನೊಂದು ಬಳ್ಳಿ ಅಷ್ಟರಲ್ಲಿ ಸೊರಗಿತ್ತು. ಅಡುಗೆಮನೆಯಲ್ಲಿ ಗಿರಿಜಮ್ಮ ತುದಿ ಕತ್ತರಿಸಿ ಬಾಯಿಗೆ ಹಾಕಿಕೊಂಡರು. ನಾಗಪ್ಪನವರೂ ನಾನೂ ಬಾಗಿಲಲ್ಲಿ ನಿಂತಿದ್ದೆವು. ಅವರು ನಿಧಾನಕ್ಕೆ ಅಗಿದರು.

"ಎಂತದೂ ಇಲ್ಲ" ಎಂದರು.

"ಎಂತದೂ ಇಲ್ಲ ಅಂದ್ರೆ ಎಂತ ಮಾರಾಯ್ತಿ?"

"ಕಹಿ ಇಲ್ಲ ಅಂತ."

ನಾಗಪ್ಪನವರು ಅಲ್ಲೇ ಹೊಸ್ತಿಲ ಮೇಲೆ ಕುಳಿತರು.

ಹುಣ್ಣಿಮೆಯ ಹಿಂದಿನ ದಿನ ಸುಶೀಲಮ್ಮ ಬಸ್ಸಿಳಿದು ಬಂದರು, ಹೇಳಿದ್ದಂತೆ ಒಂದು ಚೀಲ ಹೀರೆಕಾಯಿ ಹೊತ್ತು. ಚೀಲ ಇಳಿಸಿದವರೇ ಹಿತ್ತಲಿಗೆ ನಡೆದರು. ಚಪ್ಪರದಲ್ಲಿ ಕಾಗದದ ಚೀಲಗಳು ನಾಲ್ಕು ನೇತಾಡುತ್ತಿದ್ದವು. ಒಂದನ್ನು ಬಿಚ್ಚಿ ನೋಡಿ ಮತ್ತೆ ಕಟ್ಟಿದರು.

"ಇದೆಂತ ಅತ್ತಿಗೆ, ಕಾಯಿಗೆ ಅಂಗಿ ಹೊಲ್ಸಿದೀರಿ?"

"ಪೇಪರ್ನೋರು ಹೊಲ್ದಿದ್ದು."

ಸುಶೀಲಮ್ಮ ನನ್ನ ಕಡೆ ನೋಡಿ, "ನಾಕೇ ಕಾಯಿಗೆ ಇಷ್ಟೆಲ್ಲ ಮಾಡಿದ್ರಾ?" ಎಂದರು. ಉತ್ತರ ಕೊಟ್ಟದ್ದು ಗಿರಿಜಮ್ಮ. "ನಾಕೂ ನಾನೇ ಮಾಡಿದ್ದು. ನಿನ್ ಚೀಲದ್ದು ಎಲ್ಲಾ ದುಂಬಿ ಮಾಡಿದ್ದು." ಸುಶೀಲಮ್ಮ ಜೋರಾಗಿ ನಕ್ಕರು. ಅಂದು ಮಧ್ಯಾಹ್ನ ಅವರ ಚೀಲದ ಕಾಯಿ ಪಲ್ಯವಾಯಿತು, ಎಲ್ಲರೂ ಉಂಡೆವು, ರುಚಿಯಾಗಿತ್ತು.

ಹುಣ್ಣಿಮೆಯ ಬೆಳಿಗ್ಗೆ ಗಿರಿಜಮ್ಮ ನನಗೊಂದು ಕೆಲಸ ವಹಿಸಿದರು. ಹೆಂಗಸರು ಒಲೆ ಮುಂದಿನ ಕೆಲಸ ಮುಗಿಸಿ ಪೂಜೆಗೆ ಆಮೇಲೆ ಬರುವವರು. ಕೂಗು ಅವರಿಗೆ ಕೇಳುವುದಿಲ್ಲ.

"ನೀವು ಇವರ ಜೊತೆ ಹೋಗಿ. ಹಿತ್ಲ ದಾರೆಹೀರೆ ಅಂತ ಸರಿಯಾಗಿ ಕೂಗಿದ್ರಾ ಇಲ್ವಾ, ಕೇಳಿ ಬಂದು ಹೇಳಿ. ಇವರು ವಯಸ್ಸಾದ್ಮೇಲೆ ನಡುನಡುವೆ ನುಂಗ್ತಾರೆ."

ಬೆಳಕು ಬಿಡುತ್ತಿತ್ತು. ಗದ್ದೆಯಲ್ಲಿ ಭತ್ತ ಮೊಣಕಾಲು ಮೀರಿ ನಿಂತಿತ್ತು, ಇಬ್ಬನಿಗೆ ನನ್ನ ಪ್ಯಾಂಟು ನೆನೆಯಿತು. ಆಚೆಯ ಗದ್ದೆಗಳಿಂದಲೂ ಕೂಗು ಕೇಳುತ್ತಿತ್ತು. ನಾಗಪ್ಪನವರು ಬದುವಿನ ಮೇಲೆ ನಡೆಯುತ್ತ ಬುಟ್ಟಿಯಿಂದ ಹಿಡಿ ಹಿಡಿ ತೆಗೆದು ಬೀರಿದರು. ಗುಡ್ಡದ ಸೊಪ್ಪು ಕೂಗಿದರು, ಅಂಬಲಿ ಕೂಗಿದರು, ಹರಿವೆ ಕೂಗಿದರು. ಹೀರೆಯ ಹೆಸರು ಬರುವಾಗ ನಿಂತರು. ಉಸಿರು ತೆಗೆದುಕೊಂಡು, ಅದುವರೆಗಿನ ಎಲ್ಲಕ್ಕಿಂತ ಜೋರಾಗಿ ಕೂಗಿದರು. ನಾನು ಅಲ್ಲೇ ಬರೆದುಕೊಂಡೆ.

ಮನೆಗೆ ಬಂದಾಗ ಗಿರಿಜಮ್ಮ ಕೈಯಲ್ಲಿ ಸೌಟು ಹಿಡಿದೇ ಬಾಗಿಲಿಗೆ ಬಂದರು.

"ಕೂಗಿದ್ರಾ?"

"ಕೂಗಿದ್ರು. ಹಿತ್ಲ ದಾರೆಹೀರೆ, ನಮ್ ಗಿರಿಜೆ ಕೈಯಾರೆ ಕಟ್ಸಿದ್ದು, ಅಂತ ಕೂಗಿದ್ರು."

ಅವರು ಸೌಟನ್ನು ಇನ್ನೊಂದು ಕೈಗೆ ಬದಲಿಸಿದರು. ಆಮೇಲೆ, "ಅದು ಕೂಗೋದ್ರಲ್ಲಿಲ್ಲ" ಎಂದರು.

"ಇಲ್ಲ. ಆದ್ರೆ ಅವರು ಕೂಗಿದ್ದು ಹಾಗೇ."

"ಆಚೆ ಗದ್ದೆಯೋರಿಗೆ ಕೇಳ್ತಾ?"

"ಅವರು ಕೂಗೋದು ನಿಲ್ಸಿ ಕೇಳಿದ್ರು."

ಗಿರಿಜಮ್ಮ ಒಳಗೆ ತಿರುಗಿದರು. "ಸುಶೀಲಾ, ನಿಮ್ಮಣ್ಣಂಗೆ ಎರಡು ಕಡುಬು ಜಾಸ್ತಿ ಎತ್ತಿಡು" ಎಂದು ಹೇಳಿದ್ದು ಕೇಳಿತು.

ಮಾರ್ಚ್‌ನಲ್ಲಿ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಈ ವರ್ಷದ ಭೂಮಿ ಹುಣ್ಣಿಮೆ ಕಳೆದ ವಾರ ಆಯಿತು, ನಾನು ಹೋಗಲಾಗಲಿಲ್ಲ. ಮರುದಿನ ಗಿರಿಜಮ್ಮ ಫೋನಿನಲ್ಲಿ ತಿಳಿಸಿದಂತೆ, ಹಬ್ಬದ ಹಿಂದಿನ ಸಂಜೆ ಚಪ್ಪರದಲ್ಲಿ ಹದಿನೇಳು ಕಾಯಿಗಳಿದ್ದವು, ಎಡೆಗೆ ಮೂರು ಕೊಯ್ದರು. ನಾಗಪ್ಪನವರು ಕೂಗುವಾಗ 'ನಮ್ ಗಿರಿಜೆ ಕೈಯಾರೆ ಕಟ್ಸಿದ್ದು' ಎಂಬ ಮಾತನ್ನು ಈ ಸಲವೂ ಸೇರಿಸಿದರು. ಈ ಸಲ ಗಿರಿಜಮ್ಮ ಒಲೆಯನ್ನು ಸುಶೀಲಮ್ಮನಿಗೆ ಬಿಟ್ಟು, ಗದ್ದೆಯ ಬದುವಿನಲ್ಲಿ ನಿಂತು ಅದನ್ನು ಕೇಳಿಸಿಕೊಂಡರು.